ಮಾವನವರು ಕಾದುಕೊಂಡಿದ್ದ ಪಾರ್ಕಿಂಗ್ ಜಾಗ

ಅದು 1984ರ ಆಗಸ್ಟ್ ತಿಂಗಳು. ಪರ್ತ್‌ನಲ್ಲಿದ್ದ ನಾವು ಮೂರು ಕನ್ನಡ ಕುಟುಂಬದವರು ಸೇರಿ ಶನಿವಾರ, ಭಾನುವಾರದ ಮಟ್ಟಿಗೆ ಅಡಿಲೇಡ್ ನೋಡಿಕೊಂಡು ಬರೋಣವೆಂದು ಹೊರಟಿದ್ದೆವು. ಊರು ತುಂಬಿರುವ ಹೊತ್ತಿನಲ್ಲಿ ರಸ್ತೆಬದಿಯಲ್ಲಿ ಒಂದು ಖಾಲಿ ಪಾರ್ಕಿಂಗ್ ಜಾಗ ಕಂಡರೆ ಯಾರಿಗಾದರೂ ಸಂತೋಷವಾಗಬೇಕು. ನನಗೆ ಇವತ್ತಿಗೂ ಮೈ ಉರಿಯುತ್ತದೆ. ಯಾಕೆ ಅಂತ ಹೇಳುತ್ತೇನೆ.

ನಾನು ಹೆಚ್ಚು ಓದಿದವನಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕಾರಿನ ಸೀಟಿಗೆ ಕವರ್ ಹೊಲಿಯುವುದನ್ನು ಕಲಿತೆ. ಹೆಂಡತಿ ಲಲಿತಾಗೆ ಪರ್ತ್‌ನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿದಾಗ ಅವಳ ಹಿಂದೆ ಬಂದವನು, ಆರು ವರ್ಷ ಕಂಡವರ ಕೈಕೆಳಗೆ ದುಡಿದು, ಆಮೇಲೆ ಪರ್ತ್ ಹೊರವಲಯದ ಕ್ಯಾನಿಂಗ್ ವೇಲ್‌ನಲ್ಲಿ ಸ್ವಂತ ಶೆಡ್ಡು ಹಾಕಿಕೊಂಡೆ. ಜೊತೆಗೆ ಬಂದಿದ್ದ ಇನ್ನೆರಡು ಕುಟುಂಬ ಲಲಿತಾಳ ಆಸ್ಪತ್ರೆಯ ಡಾಕ್ಟರುಗಳದ್ದು: ಮೈಸೂರಿನ ಡಾ. ಪ್ರಭಾಕರ್ ಅವರದ್ದು, ಚನ್ನಪಟ್ಟಣದ ಡಾ. ಇಕ್ಬಾಲ್ ಅವರದ್ದು. ಓದಿನಲ್ಲಿ ಅವರು ದೊಡ್ಡವರು. ವ್ಯವಹಾರ ಬಂತೆಂದರೆ ಮಾತ್ರ ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಹತ್ತು ಜನರಿಗೆ ಒಂದೇ ಸಲ ವಿಮಾನದ ಟಿಕೆಟ್ ಅಂದಮೇಲೆ ರೇಟು ಇಳಿಸಲೇಬೇಕೆಂದು ಏಜೆಂಟನ ಮುಂದೆ ಮುಕ್ಕಾಲು ಗಂಟೆ ಕೂತು ಇಳಿಸಿಕೊಂಡು ಬಂದವನು ನಾನು. ಅಡಿಲೇಡಿನಲ್ಲಿ ಬಾಡಿಗೆಗೆ ವ್ಯಾನು ಹಿಡಿದವನೂ ನಾನೇ, ಓಡಿಸುತ್ತಿದ್ದವನೂ ನಾನೇ.

ನಮ್ಮ ಮಾವನವರು, ಅಂದರೆ ಲಲಿತಾಳ ತಂದೆ ನಂಜುಂಡಯ್ಯನವರು, ಆಗ ಮೈಸೂರಿನಿಂದ ಬಂದು ಎರಡು ತಿಂಗಳಾಗಿತ್ತು. ಎಪ್ಪತ್ತು ದಾಟಿದ ಮನುಷ್ಯ. ಮೂವತ್ತೊಂದು ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಜೇಬಿನಲ್ಲಿ ಸದಾ ಒಂದು ಪುಟ್ಟ ನೋಟ್‌ಬುಕ್ಕು, ಒಂದು ತುಂಡು ಪೆನ್ಸಿಲ್ಲು. ಯಾವ ಗಾಡಿ ಹತ್ತಿದರೂ ಅದರ ನಂಬರು, ಹೊರಟ ಹೊತ್ತು, ಮುಟ್ಟಿದ ಹೊತ್ತು, ಕಂಡಕ್ಟರು ವೇ-ಬಿಲ್ಲಿನಲ್ಲಿ ತುಂಬುವ ಹಾಗೆ, ಬರೆದುಕೊಳ್ಳದೆ ಬಿಡುತ್ತಿರಲಿಲ್ಲ. ವಿಮಾನ ಹತ್ತಿದಾಗಲೂ ಬರೆದುಕೊಂಡರು. "ವಿಮಾನಕ್ಕೂ ವೇ-ಬಿಲ್ಲಾ ಅಪ್ಪ?" ಅಂತ ಲಲಿತಾ ಚುಡಾಯಿಸಿದ್ದಳು. "ಹನ್ನೊಂದು ನಿಮಿಷ ಲೇಟು ಕಣಮ್ಮ, ಯಾರೂ ಕೇಳೋರಿಲ್ಲ" ಅಂದಿದ್ದರು.

ಶನಿವಾರ ಬೆಳಿಗ್ಗೆ ಊರಿನ ನಡುವೆ ಇರುವ ಮಾರ್ಕೆಟ್ ನೋಡಲು ಹೋದೆವು. ಆಗೆಲ್ಲ ಶನಿವಾರ ಮಧ್ಯಾಹ್ನದ ಹೊತ್ತಿಗೆ ಅಂಗಡಿಗಳು ಬಾಗಿಲು ಹಾಕುತ್ತಿದ್ದವು. ಹಾಗಾಗಿ ಊರಿಗೆ ಊರೇ ಬೆಳಿಗ್ಗೆ ಅಲ್ಲಿ ನೆರೆದಿತ್ತು. ಮೂರು ಸುತ್ತು ಹಾಕಿದರೂ ವ್ಯಾನು ನಿಲ್ಲಿಸಲು ಜಾಗವಿಲ್ಲ. ಸಣ್ಣಗೆ ಮಳೆ ಬೇರೆ. ಒಳಗೆ ಕೂತವರೆಲ್ಲ ಡ್ರೈವರ್‌ಗಳಾಗಿದ್ದರು. ಪ್ರಭಾಕರ್ ತೊಡೆಯ ಮೇಲೆ ಮ್ಯಾಪು ಹರಡಿಕೊಂಡು, "ಲೆಫ್ಟು... ಅಲ್ಲಲ್ಲ, ಹೋಗ್ಬಿಟ್ಟಿತು, ಮುಂದಿನ ಲೆಫ್ಟು" ಅನ್ನುತ್ತಿದ್ದರು.

ನಾಲ್ಕನೇ ಸುತ್ತಿನಲ್ಲಿ ರಸ್ತೆಯ ಆಚೆ ಬದಿಯಲ್ಲಿ ಒಂದು ಕೆಂಪು ಕಾರು ಹೊರಡುವುದು ಕಾಣಿಸಿತು. ನಡುವೆ ಡಿವೈಡರ್ ಇತ್ತು, ತಿರುಗಿಸುವ ಹಾಗಿರಲಿಲ್ಲ. ಸಿಗ್ನಲ್ಲಿನಲ್ಲಿ ನಿಂತಿದ್ದೆವು. ನನಗೆ ಥಟ್ಟನೆ ಹೊಳೆಯಿತು.

"ಮಾವ, ನೀವು ಇಳ್ದು ಆ ಜಾಗದಲ್ಲಿ ನಿಂತ್ಕೊಂಡ್ಬಿಡಿ. ಒಂದು ಸುತ್ತು ಹಾಕ್ಕೊಂಡು ಎರಡೇ ನಿಮಿಷಕ್ಕೆ ಬಂದ್ಬಿಡ್ತೀನಿ."

ಮಾವನವರು ಅನುಮಾನಿಸಿದರು. "ಅಳಿಯಂದ್ರೇ, ಇದು ಕಿಟಕಿಯಿಂದ ಸೀಟಿಗೆ ಟವಲ್ ಹಾಕ್ದಂಗೆ ಆಗಲ್ವಾ? ನನ್ನ ಸರ್ವೀಸ್‌ನಲ್ಲಿ ಅಂಥ ಟವಲ್ ಎಷ್ಟು ಎತ್ತಿ ಬಿಸಾಕಿದ್ದೀನೋ!"

"ಟವಲ್ ಎತ್ತಿ ಬಿಸಾಕ್ಬೋದು ಮಾವ. ಮನುಷ್ಯನ್ನ ಯಾರು ಎತ್ತಿ ಬಿಸಾಕ್ತಾರೆ?" ಅಂದೆ.

"ನಾನು ಇಳೀಲಾ ರಾಜಣ್ಣ?" ಅಂತ ಇಕ್ಬಾಲ್ ಕೇಳಿದರು.

"ನಿಮ್ಮನ್ನ ನೋಡಿದ್ರೆ ಜಗಳಕ್ಕೆ ಬರ್ತಾರೆ ಡಾಕ್ಟ್ರೇ. ವಯಸ್ಸಾದೋರು ಅಂದ್ರೆ ಯಾರೂ ಮಾತಾಡಲ್ಲ."

ನನ್ನ ಲೆಕ್ಕಾಚಾರ ಹಾಗಿತ್ತು. ಮಾವನವರು ಮಫ್ಲರ್ ಬಿಗಿ ಮಾಡಿಕೊಂಡು, ಗಡಿಯಾರ ನೋಡಿಕೊಂಡು ಇಳಿದರು. "ನಾನೂ ಇಳೀತೀನಿ ರೀ" ಅಂತ ಲಲಿತಾ ಎದ್ದಳು. ಅಷ್ಟರಲ್ಲಿ ಸಿಗ್ನಲ್ ಬಿಟ್ಟಿತು, ಹಿಂದಿನವನು ಹಾರ್ನ್ ಹೊಡೆದ, ನಾನು ಹೊರಟೆ.

ಎರಡು ನಿಮಿಷವೆಲ್ಲಿ ಬಂತು! ಮೊದಲನೇ ತಿರುವಿನಲ್ಲಿ ಬಲಕ್ಕೆ ತಿರುಗಬಾರದೆಂಬ ಬೋರ್ಡು. ಎರಡನೆಯದರಲ್ಲೂ ಅದೇ. ಮೂರನೆಯದು ಒನ್ ವೇ. ಪ್ರಭಾಕರ್ ಮಾತು ಕೇಳಿ ಎಡಕ್ಕೆ ಹೋದರೆ ಅಂಗಡಿ ಬೀದಿಗಳೆಲ್ಲ ಮುಗಿದು, ಊರಿನ ಸುತ್ತ ಇರುವ ಹುಲ್ಲುಗಾವಲಿನಂಥ ಪಾರ್ಕು ಬಂದುಬಿಟ್ಟಿತು. "ಆರ್ ವಿ ಲಾಸ್ಟ್, ಅಂಕಲ್?" ಅಂದಳು ಇಕ್ಬಾಲರ ಮಗಳು. ಅಂತೂ ತಿರುಗಿ ಬರುವ ಹೊತ್ತಿಗೆ ಇಪ್ಪತ್ತೈದು ನಿಮಿಷವಾಗಿತ್ತು.

ಆ ಜಾಗದಲ್ಲಿ ಒಂದು ಬಿಳಿಯ ಸ್ಟೇಷನ್ ವ್ಯಾಗನ್ ಕಾರು ನಿಂತಿತ್ತು. ಮಾವನವರು ಇರಲಿಲ್ಲ.

ಲಲಿತಾ ವ್ಯಾನು ನಿಲ್ಲುವ ಮೊದಲೇ ಬಾಗಿಲು ತೆಗೆದು ಹಾರಿದಳು. ನಾನು ಸಾಲಾಗಿ ನಿಂತ ಗಾಡಿಗಳ ಪಕ್ಕದಲ್ಲೇ ವ್ಯಾನು ನಿಲ್ಲಿಸಿ ಕೀಲಿಯನ್ನು ಪ್ರಭಾಕರ್ ಕೈಗೆ ಕೊಟ್ಟು ಓಡಿದೆ. ವ್ಯಾಗನ್ನಿನ ಮುಂದಿನ ಚಕ್ರದ ಪಕ್ಕದಲ್ಲಿ, ಮೋರಿಯಂಚಿನ ನೀರಿನಲ್ಲಿ ಮಾವನವರ ಕಂದು ಬಣ್ಣದ ಮಫ್ಲರ್ ಬಿದ್ದಿತ್ತು. ಲಲಿತಾ ಅದನ್ನೆತ್ತಿ ಎದೆಗೆ ಒತ್ತಿಕೊಂಡು, "ನಮ್ಮಪ್ಪ ಎಲ್ರೀ? ನಮ್ಮಪ್ಪ ಎಲ್ಲಿ?" ಅಂತ ನನ್ನನ್ನೇ ಕೇಳತೊಡಗಿದಳು. ಅವರಿಗೆ ನಾವು ಇಳಿದುಕೊಂಡಿದ್ದ ಮೋಟೆಲ್‌ನ ಹೆಸರು ಗೊತ್ತಿರಲಿಲ್ಲ, ವಿಳಾಸ ಗೊತ್ತಿರಲಿಲ್ಲ. ಬಿ.ಪಿ. ಬೇರೆ ಇತ್ತು.

ಆಗ ಮೂಲೆಯ ಹಣ್ಣಿನಂಗಡಿಯಿಂದ ಒಬ್ಬ ಗ್ರೀಕ್ ಹೆಂಗಸು ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. ನಮ್ಮ ಬಣ್ಣ ನೋಡಿದ ಕೂಡಲೇ, "ಆ ತಾತ ನಿಮ್ಮೋರಾ? ಬನ್ನಿ ಒಳಗೆ" ಅಂದಳು.

ಮಾವನವರು ಒಳಗೆ ಕಿತ್ತಳೆಯ ಪೆಟ್ಟಿಗೆಯೊಂದರ ಮೇಲೆ ಕೂತಿದ್ದರು. ಕೈಯಲ್ಲಿ ಕಾಫಿ ಕಪ್ಪು. ಇನ್ನೊಂದು ಅಂಗೈಯ ಚರ್ಮ ಕಿತ್ತು ರಕ್ತ ಒಸರುತ್ತಿತ್ತು, ಪ್ಯಾಂಟಿನ ಮಂಡಿ ಹರಿದಿತ್ತು. ನನ್ನನ್ನು ಕಂಡದ್ದೇ ಎದ್ದು ನಿಂತರು.

"ಕ್ಷಮಿಸ್ಬೇಕು ಅಳಿಯಂದ್ರೇ. ಜಾಗ ಉಳಿಸ್ಕೊಳ್ಳೋಕೆ ಆಗ್ಲಿಲ್ಲ" ಅಂದರು.

ನಡೆದದ್ದನ್ನು ಆ ಹೆಂಗಸು ಹೇಳಿದಳು. ವ್ಯಾಗನ್ನಿನವನು ಮೊದಲು ಹಾರ್ನ್ ಹೊಡೆದ. ಇವರು ಕೈಮುಗಿದು, ಗಾಡಿ ಬರುತ್ತಿದೆ ಎಂದು ಸನ್ನೆ ಮಾಡಿದರು. ಅವನು ಇಂಚಿಂಚಾಗಿ ಮುಂದೆ ತಂದು ಬಂಪರನ್ನು ಇವರ ಮಂಡಿಗೆ ಒತ್ತಿದ. ಇವರು ಬಾನೆಟ್ಟಿನ ಮೇಲೆ ಕೈಯಿಟ್ಟು ಅಲ್ಲಾಡದೆ ನಿಂತರು. ಅವನು ಇಳಿದು ಬಂದು, ಮಫ್ಲರ್ ಹಿಡಿದು ಎಳೆದು ಫುಟ್‌ಪಾತಿಗೆ ತಳ್ಳಿ, ಗಾಡಿ ನಿಲ್ಲಿಸಿ, ಪಾರ್ಕಿಂಗ್ ಮೀಟರಿಗೆ ನಾಣ್ಯ ಹಾಕಿ, ಸಾಮಾನು ತರಲು ಹೋದ. ಅಷ್ಟು ಜನ ಓಡಾಡುವ ರಸ್ತೆಯಲ್ಲಿ ಒಬ್ಬನೂ ಏನೂ ಕೇಳಲಿಲ್ಲ. "ನಾನು ಪೊಲೀಸಿಗೆ ಫೋನ್ ಮಾಡಿದ್ದೀನಿ. ಸಾಕ್ಷಿ ನಾನು ಹೇಳ್ತೀನಿ" ಅಂದಳು.

ಮಾವನವರು ಮೆಲ್ಲಗೆ ನೋಟ್‌ಬುಕ್ ತೆಗೆದು ತೋರಿಸಿದರು. ವ್ಯಾಗನ್ನಿನ ನಂಬರು, ಹೊತ್ತು 10-42, ಬಿದ್ದ ಜಾಗ, ಎಲ್ಲ ಮುತ್ತಿನಂಥ ಅಕ್ಷರದಲ್ಲಿ ಬರೆದಿದ್ದರು. ಪೆನ್ಸಿಲ್ ಬರಹದ ಪಕ್ಕ ರಕ್ತದ ಕಲೆ ಹತ್ತಿತ್ತು.

ನಾನು ಹೊರಗೆ ಬರುವುದಕ್ಕೂ ಅವನು ಬ್ರೆಡ್ಡಿನ ಚೀಲ ಹಿಡಿದು ಬರುವುದಕ್ಕೂ ಸರಿಹೋಯಿತು. ನಲವತ್ತರ ಆಸುಪಾಸಿನ ಮನುಷ್ಯ, ಒಳ್ಳೆ ಕೋಟು ಹಾಕಿದ್ದ. ನಾನು ಅವನ ಬಾಗಿಲಿಗೆ ಅಡ್ಡ ನಿಂತೆ.

"ಆ ಮುದುಕರನ್ನ ತಳ್ಳಿದ್ದು ನೀನೇನಾ?"

"ಪಾರ್ಕಿಂಗ್ ಇರೋದು ಗಾಡಿಗೆ, ಮನುಷ್ಯರು ನಿಲ್ಲೋಕಲ್ಲ" ಅಂದ.

"ಒಪ್ಪಿದೆ. ನಿಲ್ಲಿಸಿದ್ದು ನಂದೇ ತಪ್ಪು. ಬಂದು ನನ್ನ ಬಯ್ಯಿ. ವಯಸ್ಸಾದ ಮನುಷ್ಯನ ಕತ್ತಿನ ಬಟ್ಟೆ ಹಿಡಿದು ಎಳಿಯೋದು ನಿಮ್ಮ ಯಾವ ರೂಲ್‌ನಲ್ಲಿದೆ?"

"ನಿಮ್ಮ ದೇಶದಲ್ಲಿ ಹೀಗೆಲ್ಲ ಮಾಡ್ಕೊಳ್ಳಿ" ಅಂದ. ನಾನು ಬಾಗಿಲು ಬಿಟ್ಟು ಕದಲಲಿಲ್ಲ.

ಅಷ್ಟರಲ್ಲಿ ಒಬ್ಬ ಕಾನ್‌ಸ್ಟೇಬಲ್ ಬಂದ. ಇನ್ನೂ ಎಳೆಯ ವಯಸ್ಸಿನವನು, ಸಭ್ಯಸ್ಥ. ಮೊದಲು ನನಗೇ ಹೇಳಿದ, ಜಾಗ ಹಿಡಿಯಲು ಜನರನ್ನು ನಿಲ್ಲಿಸುವ ಹಾಗಿಲ್ಲ ಎಂದು. ಆಮೇಲೆ ಗ್ರೀಕ್ ಹೆಂಗಸಿನ ಮಾತು ಕೇಳಿದ, ಮಾವನವರ ಅಂಗೈ ನೋಡಿದ, ನೋಟ್‌ಬುಕ್ಕಿನ ನಂಬರನ್ನು ಗಾಡಿಯ ನಂಬರಿಗೆ ತಾಳೆ ನೋಡಿದ. ನಂತರ ಮಾವನವರ ಕಡೆ ಬಗ್ಗಿ, "ದೂರು ಕೊಡ್ತೀರಾ ಸರ್?" ಅಂತ ಕೇಳಿದ.

ಮಾವನವರು ನನ್ನ ಮುಖ ನೋಡಿದರು. ನೋಟ್‌ಬುಕ್ ತೆರೆದು ಹಿಡಿದೇ ಇದ್ದರು. ನಾನು ಹೂಂ ಅನ್ನಲಿ ಎಂದು ಕಾಯುತ್ತಿದ್ದರು.

ಯಾರೋ ನನ್ನ ತೋಳು ಎಳೆದರು. ಪ್ರಭಾಕರ್. "ರಾಜಣ್ಣ, ಸ್ಟೇಷನ್ನು, ಸ್ಟೇಟ್‌ಮೆಂಟು ಅಂತ ಹೋದ್ರೆ ಇಡೀ ದಿನ ಹಾಳಾಗುತ್ತೆ. ನಾಳೆ ಸಂಜೆ ಫ್ಲೈಟು. ಎಲ್ರೂ ನೋಡ್ತಾ ಇದಾರೆ ಕಣ್ರೀ. ಬಿಟ್ಬಿಡಿ."

ಇಕ್ಬಾಲ್ ಸಿಟ್ಟಾದರು. "ಬಿಡೋದು ಏನ್ ಪ್ರಭಾಕರ್? ಆ ಕೈ ನೋಡಿ ಸ್ವಲ್ಪ!"

ಆ ಕೋಟಿನವನಿಗೆ ಕನ್ನಡ ಬಾರದಿದ್ದರೂ ನಮ್ಮಲ್ಲಿ ಬಿರುಕಿದೆ ಎಂದು ಗೊತ್ತಾಯಿತು. ದನಿ ಮೆತ್ತಗಾಯಿತು. ಕಾನ್‌ಸ್ಟೇಬಲ್ ಕಡೆ ತಿರುಗಿ, "ಸಾರಿ, ಅವಸರದಲ್ಲಿದ್ದೆ" ಅಂದ. ಗಮನಿಸಿ, ಸಾರಿ ಹೇಳಿದ್ದು ಕಾನ್‌ಸ್ಟೇಬಲ್‌ಗೆ. ಬಿದ್ದು ರಕ್ತ ಸುರಿಸಿಕೊಂಡವರ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಆಮೇಲೆ ನನಗೆ, "ನಿಮಗೆ ಬೇಕಾಗಿದ್ದು ಈ ಜಾಗ ತಾನೇ? ತಗೊಳ್ಳಿ. ನಾನು ಹೊರಡ್ತೀನಿ, ಇಲ್ಲಿಗೆ ಮುಗಿಸೋಣ" ಅಂದ.

ಶೆಡ್ಡಿನಲ್ಲಿ ಚೌಕಾಸಿಗೆ ಕೂತ ಗಿರಾಕಿ ಒಂದು ಮೆಟ್ಟಿಲು ಇಳಿದ ಕೂಡಲೇ ಕೈಚಾಚಿ ಮಾತು ಮುಗಿಸುವುದು ನನ್ನ ಅಭ್ಯಾಸ. ಅಷ್ಟು ಹೊತ್ತು ಹುಲಿಯಂತೆ ಅಡ್ಡ ನಿಂತಿದ್ದವನು, ಗೆದ್ದೆ ಅಂದುಕೊಂಡು, "ಸರಿ, ತೆಗಿ ಗಾಡಿ" ಅಂದುಬಿಟ್ಟೆ.

ಅವನು ಹೋದ. ಕಾನ್‌ಸ್ಟೇಬಲ್ ಇನ್ನೊಮ್ಮೆ ಮಾವನವರ ಮುಖ ನೋಡಿದ, ನನ್ನ ಮುಖ ನೋಡಿದ, ಟೋಪಿ ಸರಿಮಾಡಿಕೊಂಡು ಹೊರಟ. ನಾನು ವ್ಯಾನನ್ನು ಹಿಂದೆ ಮುಂದೆ ಮಾಡಿ ಆ ಜಾಗಕ್ಕೆ ಚೊಕ್ಕಟವಾಗಿ ಕೂರಿಸಿದೆ. ಇಳಿದು ಮೀಟರ್ ನೋಡಿದರೆ ಅವನು ಹಾಕಿದ ನಾಣ್ಯದಲ್ಲಿ ಇನ್ನೂ ನಲವತ್ತು ನಿಮಿಷ ಬಾಕಿ ಇತ್ತು. "ನೋಡ್ದ್ಯಾ, ಮೀಟರಿಗೆ ಹಾಕೋದೂ ಉಳೀತು" ಅಂತ ಲಲಿತಾಗೆ ಹೇಳಿದೆ. ನಿಜವಾಗಿಯೂ ಹಾಗೇ ಹೇಳಿದೆ. ಈಗ ಬರೆಯಲು ನಾಚಿಕೆಯಾಗುತ್ತದೆ.

"ಮೊದ್ಲು ನಮ್ಮಪ್ಪನ ಕೈ ನೋಡಿ. ಮೀಟರ್ ಆಮೇಲೆ ನೋಡೋರಂತೆ" ಅಂದಳು.

ಗ್ರೀಕ್ ಹೆಂಗಸು ಇನ್ನೂ ಬಾಗಿಲಲ್ಲೇ ನಿಂತಿದ್ದಳು. "ಸಾಕ್ಷಿ ಹೇಳೋಕೆ ಅಂತ ಗಿರಾಕಿಗಳನ್ನ ಬಿಟ್ಟು ನಿಂತಿದ್ದೆ ನಾನು. ನೀವು ಜಾಗ ತಗೊಂಡ್ರಾ?" ಅಂದು ಒಳಗೆ ಹೋದಳು. ಮಾರ್ಕೆಟ್ಟಿಗೆ ಮಾವನವರು ಬರಲಿಲ್ಲ. "ನೀವು ಹೋಗ್ಬನ್ನಿ. ಗಾಡಿ ಹತ್ರ ಒಬ್ರು ಇರ್ಬೇಕಲ್ಲ" ಅಂದು ಹಿಂದಿನ ಸೀಟಿನಲ್ಲಿ ಕೂತರು. ಇಕ್ಬಾಲರೂ ಲಲಿತಾಳೂ ಅವರ ಗಾಯ ತೊಳೆದು ಬ್ಯಾಂಡೇಜ್ ಕಟ್ಟಿ ಜೊತೆಗೆ ಉಳಿದರು.

ಪರ್ತ್‌ಗೆ ವಾಪಸಾದ ಮೇಲೆ ನನಗೆ ನಿದ್ದೆ ಬರುತ್ತಿರಲಿಲ್ಲ. ಒಂದು ವಾರಕ್ಕೆ ಸಿಟ್ಟು ನೆತ್ತಿಗೇರಿತು. ಆ ಕೋಟಿನವನ ಮೇಲೆ ದೂರು ಬರೆದೇ ತೀರುತ್ತೇನೆಂದು ಕಾಗದ ಹಿಡಿದು ಕೂತು, "ಮಾವ, ಆ ಗಾಡಿ ನಂಬರ್ ಕೊಡಿ" ಅಂದೆ.

ಅವರು ನೋಟ್‌ಬುಕ್ ತೆಗೆದು ಆ ಪುಟ ತೋರಿಸಿದರು. ನಂಬರಿನ ಮೇಲೆ ಸ್ಕೇಲಿಟ್ಟು ಎಳೆದಂಥ ಒಂದು ಗೆರೆ. ಪಕ್ಕದಲ್ಲಿ ಅದೇ ಮುತ್ತಿನಂಥ ಅಕ್ಷರದಲ್ಲಿ, "ಇತ್ಯರ್ಥವಾಗಿದೆ. 11-30" ಎಂದು ಬರೆದಿದ್ದರು.

"ಅಲ್ಲೇ ಇತ್ಯರ್ಥ ಆಯ್ತಲ್ಲ ಅಳಿಯಂದ್ರೇ. ನೀವೇ ಮಾಡಿದ್ರಲ್ಲ" ಅಂದರು. ದನಿಯಲ್ಲಿ ಕೋಪವಿರಲಿಲ್ಲ.

ಹೊರನಾಡಿಗೆ ಗುಂಪು ಕಟ್ಟಿಕೊಂಡು ಹೋಗುವವರಿಗೆ ನನ್ನದೊಂದು ಮಾತು. ಗಾಡಿಯನ್ನು ದೂರದಲ್ಲೇ ನಿಲ್ಲಿಸಿ, ಎಲ್ಲರೂ ಒಟ್ಟಿಗೆ ಇಳಿದು ನಡೆದು ಹೋಗಿ. ಜಾಗ ಹಿಡಿಯಲು ಯಾರನ್ನೂ ಬಿಟ್ಟು ಹೋಗಬೇಡಿ. ನಿಮ್ಮವರ ಮೇಲೆ ಯಾರಾದರೂ ಕೈ ಮಾಡಿದರೆ ಮಾತ್ರ ಫ್ಲೈಟು ತಪ್ಪಿದರೂ ಸರಿ, ಸ್ಟೇಷನ್ನಿಗೆ ಹೋಗಿ ಬರೆದುಕೊಟ್ಟೇ ಬನ್ನಿ. ಆ ಕೋಟಿನವನನ್ನು ನಾನು ಕ್ಷಮಿಸಿಲ್ಲ. ತೋಳು ಎಳೆದ ಪ್ರಭಾಕರ್ ಅವರ ಜೊತೆ ಮೊದಲಿನ ಸಲಿಗೆ ಉಳಿಯಲಿಲ್ಲ. ಆದರೆ ಸಿಟ್ಟು ಅವರಿಬ್ಬರ ಮೇಲೆ ನಿಲ್ಲುವುದಿಲ್ಲ. ಆ ಬೆಳಿಗ್ಗೆ ಮಾವನವರು ನೋಡಿದ್ದು ನನ್ನ ಮುಖವನ್ನು, ನಾನು ನೋಡಿದ್ದು ಮೀಟರನ್ನು.