ಚೌಕಡಿ ಅಂಗಿಯ ಆನಂದಕುಮಾರ

ನನ್ನ ಗಂಡ ಆನಂದಕುಮಾರ ಸಿನಿಮಾ ನಟ. ಹೀಗೆ ಹೇಳಿದರೆ ನಮ್ಮ ಗದಗಿನ ಕಡೆ ನಗುತ್ತಾರೆ. ಸಿಂಗಾಪುರದಲ್ಲಿ ಲಿಫ್ಟ್ ರಿಪೇರಿ ಕಂಪನಿಯಲ್ಲಿ ಸೂಪರ್‌ವೈಸರ್ ಆಗಿದ್ದರು. ರಜೆಯ ದಿನ ಶೂಟಿಂಗಿಗೆ ಹೋಗುತ್ತಿದ್ದರು. ತೀರಿಕೊಂಡಾಗ ಮೂವತ್ತಾರು ವರ್ಷ.

ಮೊದಲು ಗುಂಪಿನಲ್ಲಿ ನಿಲ್ಲುವ ಕೆಲಸ. ಎಂಆರ್‌ಟಿ ರೈಲು ಹತ್ತುವವರು, ಹಾಕರ್ ಸೆಂಟರಿನಲ್ಲಿ ಉಣ್ಣುವವರು. ಒಂದು ಸಲ ಬೆಳಗಿನಿಂದ ಸಂಜೆ ತನಕ ಒಂದೇ ತಟ್ಟೆ ನೂಡಲ್ಸ್ ಮುಂದೆ ಕೂರಿಸಿದ್ದರಂತೆ. ಮನೆಗೆ ಬಂದು ರೊಟ್ಟಿ ಕೇಳಿದರು.

"ದಿನಾಪೂರ್ತಿ ಉಂಡು ಬಂದೀರಿ, ಇನ್ನೂ ಹಸಿವೇನ್ರಿ?" ಅಂದೆ.

"ಉಂಡಂಗ ಮಾಡೀನಿ. ಉಂಡಿಲ್ಲ."

ಟಿವಿಯಲ್ಲಿ ಬಂದಾಗ ನಮ್ಮ ಮಗಳು ಅದ್ವಿಕಾ ಪರದೆಗೆ ಮೂಗು ಹಚ್ಚಿ ಹುಡುಕುತ್ತಿದ್ದಳು. "ಪಪ್ಪಾ ಇಲ್ಲ ಲಾ," ಅಂತ ಇಲ್ಲಿಯ ಮಕ್ಕಳ ಹಾಗೆ 'ಲಾ' ಹಚ್ಚಿ ಅನ್ನುತ್ತಿದ್ದಳು. ಇವರು ನಗುತ್ತಿದ್ದರು. ಆಮೇಲೆ ಟಿವಿ ಆರಿಸುತ್ತಿದ್ದರು.

ಕಳೆದ ವರ್ಷ ಹಾಲಿವುಡ್ಡಿನ ಒಂದು ಕಂಪನಿ ಇಲ್ಲಿಗೆ ಬಂತು. ಅವರ ಸಿನಿಮಾದಲ್ಲಿ ಇವರಿಗೆ ಮಾತಿರುವ ಪಾತ್ರ ಸಿಕ್ಕಿತು. ಲಿಫ್ಟ್ ರಿಪೇರಿಯವನದೇ. ಕೊಲೆಗಾರನನ್ನು ಕಂಡವನು ಅವನು. ಪೊಲೀಸರಿಗೆ ಅದನ್ನು ಹೇಳಬೇಕು.

"ವಾರವೆಲ್ಲಾ ಲಿಫ್ಟು, ರವಿವಾರಾನೂ ಲಿಫ್ಟು. ಇದಕ್ಕ ಆ್ಯಕ್ಟಿಂಗ್ ಅಂತಾರೇನು?"

"ಸುಮ್ನಿರು. ಈ ಸಲ ಮಾರಿ ಕಾಣ್ತದ."

ಪೊಲೀಸರಿಗೆ ಹೇಳುವ ಆ ಮಾತುಗಳನ್ನು ಅಡಿಗೆಮನೆ ಬಾಗಿಲಲ್ಲಿ ನಿಂತು ದಿನವೂ ಹೇಳಿದರು. ನನಗೆ ಇಂಗ್ಲಿಷ್ ಬರದು. ಆದರೂ ಬಾಯಿಪಾಠ ಆಯಿತು.

ಇಂಥ ಸಣ್ಣ ಪಾತ್ರದವರು ಬಟ್ಟೆ ಮನೆಯಿಂದಲೇ ಹಾಕಿಕೊಂಡು ಹೋಗಬೇಕು. ಇವರು ನೀಲಿ ಚೌಕಡಿ ಅಂಗಿ ಹಾಕಿಕೊಂಡು ಹೋದರು. ಹಳೆಯದು, ಬಣ್ಣ ಹೋಗಿತ್ತು. ಮಾತಿನ ಭಾಗ ಮುಗಿಯಿತು. ಇನ್ನೊಂದು ದಿನದ ಕೆಲಸ ಬಾಕಿ ಉಳಿಯಿತು. ಅದಕ್ಕೆ ಮೊದಲೇ ಒಂದು ಬೆಳಿಗ್ಗೆ ಬಚ್ಚಲಲ್ಲಿ ಬಿದ್ದರು. ಆಸ್ಪತ್ರೆಗೆ ಒಯ್ದಾಗ ಜೀವ ಇರಲಿಲ್ಲ.

ನಮ್ಮಲ್ಲಿ ಕೂರಿಸಿ ಮಣ್ಣು ಮಾಡುತ್ತಾರೆ. ಇಲ್ಲಿ ಮಂಡಾಯಿಯ ಚಿತಾಗಾರದಲ್ಲಿ ಸುಟ್ಟೆವು. ಅತ್ತೆ ಶಂಕ್ರೆವ್ವ ಊರಿನಿಂದ ಫೋನಿನಲ್ಲಿ, "ನನ್ನ ಮಗಗ ಬೆಂಕಿ ಇಟ್ರೇನು?" ಅಂದರು.

"ಹೂಂರಿ ಅತ್ತಿ," ಅಂದೆ. ಬೇರೆ ಏನು ಹೇಳುವುದು.

ಯಾವ ಬಟ್ಟೆ ಹಾಕಬೇಕು ಅಂತ ಹೆಣದ ಕೆಲಸದವರು ಕೇಳಿದ್ದರು. ಕಪಾಟು ತೆರೆದೆ. ಚೌಕಡಿ ಅಂಗಿ ಮೇಲೇ ಇತ್ತು. ಕೊಟ್ಟೆ.

ಕಾರ್ಯವೆಲ್ಲ ಮುಗಿದ ಮೇಲೆ ನವನೀತ್ ಬಂದ. ಮೈಸೂರಿನವನು, ಇವರನ್ನು ಶೂಟಿಂಗಿಗೆ ಕರೆಯುತ್ತಿದ್ದವನು. ನೀರು ಕೊಟ್ಟೆ.

"ಮೇಡಂ, ಆನಂದ್ ಸರ್ ಹಾಕ್ಕೊಂಡಿದ್ರಲ್ಲ, ಬ್ಲೂ ಶರ್ಟ್, ಅದು ಬೇಕಿತ್ತು."

"ಅವರ ಜೊತೆ ಹೋತು."

"ಯಾರ ಜೊತೆ?"

ನಾನು ಅವನ ಮುಖ ನೋಡಿದೆ. ಅವನು ನೀರಿನ ಲೋಟ ಕೆಳಗಿಟ್ಟ.

ಆಮೇಲೆ ಬಿಡಿಸಿ ಹೇಳಿದ. ಪೊಲೀಸರ ಹತ್ತಿರ ಮಾತಾಡಿ ಲಿಫ್ಟಿನವನು ವರಾಂಡದಲ್ಲಿ ನಡೆದು ಹೋಗಬೇಕು. ಅದು ಬಾಕಿ ಇದೆ. ಬೇರೆಯವನನ್ನು ಹಿಂದಿನಿಂದ ತೆಗೆಯಬಹುದು. ಅಂಗಿ ಮಾತ್ರ ಅದೇ ಇರಬೇಕು.

"ಇಲ್ಲಾಂದ್ರ?"

"ಕಟ್ ಮಾಡ್ತಾರೆ ಮೇಡಂ. ಬೇರೆ ಯಾರನ್ನಾದ್ರೂ ಹಾಕಿ ಮೊದ್ಲಿಂದ ಶೂಟ್ ಮಾಡ್ತಾರೆ."

"ಅವರು ಮಾತಾಡಿದ್ದು?"

"ಅದೂ ಹೋಗುತ್ತೆ."

ಅಂಗಿ ತಂದು ಕೊಡುತ್ತೇನೆ ಅಂದೆ.

ಕೆಳಗಿನ ಮನೆಯ ಪದ್ಮಿನಿ ಆಂಟಿಯನ್ನು ಕರೆದುಕೊಂಡು ಲಿಟಲ್ ಇಂಡಿಯಾಕ್ಕೆ ಹೋದೆ. ಇವರು ಅಂಗಿ ಕೊಂಡಿದ್ದ ಅಂಗಡಿಯಲ್ಲಿ ಅದೇ ಚೌಕಡಿ ಇನ್ನೂ ಇತ್ತು. ಹೊಸದು. ಗಂಜಿ ಹಾಕಿ ಬಿರುಸಾಗಿತ್ತು, ಬಣ್ಣ ಕಣ್ಣಿಗೆ ಹೊಡೆಯುತ್ತಿತ್ತು. ಬಿಸಿನೀರಿನಲ್ಲಿ ನೆನೆಸಿದೆ. ಬ್ರಷ್ ಹಾಕಿ ತಿಕ್ಕಿದೆ. ಕಿಟಕಿಯ ಹೊರಗಿನ ಗಳಕ್ಕೆ ಬಿಸಿಲಿಗೆ ಹಾಕಿದೆ. ಒಣಗಿದ ಮೇಲೆ ಮತ್ತೆ ನೆನೆಸಿದೆ. ಬೇರೆ ಕೆಲಸ ಇರಲಿಲ್ಲ.

"ಮಷಿನ್‌ಗೆ ಹಾಕೇ. ಕೈ ನೋಡು ಹೇಗಾಗಿದೆ," ಅಂದರು ಆಂಟಿ.

"ಮಷಿನ್ ಮೆತ್ತಗ ಒಗೀತದ್ರಿ."

ಒಗೆಯುವಾಗ ಅಳು ಬರಲಿಲ್ಲ. ಸುಟ್ಟ ದಿನವೂ ಬಂದಿರಲಿಲ್ಲ. ಕಾಲರ್ ಬಿಳಿಚಿಕೊಂಡಿತೋ ಇಲ್ಲವೋ, ಅಷ್ಟೇ ನೋಡುತ್ತಿದ್ದೆ.

ಶೂಟಿಂಗ್ ಬಿಶಾನ್‌ನ ಒಂದು ಕಾಂಡೋದಲ್ಲಿ, ಸಿರಿವಂತರ ಅಪಾರ್ಟ್‌ಮೆಂಟಿನಲ್ಲಿ. ನವನೀತ್ ನನ್ನನ್ನು ಗೋಡೆಯ ಪಕ್ಕ ಕೂರಿಸಿದ. ಇವರ ಜಾಗಕ್ಕೆ ಒಬ್ಬ ತಮಿಳಿನವನು ಬಂದಿದ್ದ. ಅಷ್ಟೇ ಎತ್ತರ, ಅಷ್ಟೇ ಭುಜ. ಅಂಗಿ ಹಾಕಿಕೊಂಡು ವರಾಂಡದ ಕೊನೆಯ ತನಕ ನಡೆದು ತಿರುವಿನಲ್ಲಿ ಮರೆಯಾದ. ಮತ್ತೆ ಕರೆದರು. ಮತ್ತೆ ನಡೆದ. ಕ್ಯಾಮೆರಾದ ಹತ್ತಿರ ಕೂತಿದ್ದ ಬಿಳಿ ಹೆಂಗಸು ಸರಿ ಅಂತ ತಲೆ ಆಡಿಸಿದಳು.

ನವನೀತ್ ಓಡಿ ಬಂದ. "ಉಳೀತು ಮೇಡಂ. ಒಂದು ಮಾತೂ ಕಟ್ ಮಾಡಲ್ಲ ಅಂದ್ರು."

"ಮಾರಿ ಕಾಣ್ತದ?"

"ಕಾಣುತ್ತೆ ಮೇಡಂ. ದೊಡ್ಡದಾಗೇ ಕಾಣುತ್ತೆ."

ಆ ತಮಿಳಿನವನು ಗುಂಡಿ ಬಿಚ್ಚುತ್ತಾ ನನ್ನ ಹತ್ತಿರ ಬಂದ. ಯಾರೋ ಹೇಳಿರಬೇಕು. ಅಂಗಿ ತೆಗೆದುಕೊಳ್ಳಿ ಅಂತ ಕೈಸನ್ನೆ ಮಾಡಿದ. ಕಾಲರ್ ಅವನ ಬೆವರಿಗೆ ಒದ್ದೆಯಾಗಿತ್ತು. ಬೇಡ, ನೀವೇ ಇಟ್ಟುಕೊಳ್ಳಿ ಅಂತ ನಾನೂ ಸನ್ನೆ ಮಾಡಿದೆ. ಅವನು ಗುಂಡಿ ಹಾಕಿಕೊಂಡ, ಕೈ ಮುಗಿದ, ಬಸ್ ಸ್ಟಾಪಿನ ಕಡೆ ಹೋದ.

ಯಿಶುನ್‌ನ ನಮ್ಮ ಮನೆಗೆ ಹೋಗಲು ನಾನೂ ಅದೇ ಸ್ಟಾಪಿಗೆ ಹೋಗಬೇಕಿತ್ತು. ಅವನ ಬಸ್ಸು ಬಂದು ಅವನು ಹತ್ತುವ ತನಕ ಕಾಂಡೋ ಬಾಗಿಲಲ್ಲೇ ನಿಂತೆ.