ನಂದಾ ಓಡಿಸುತ್ತಿದ್ದ ಜೀಪು

ಇದು ಯಾರೋ ಹೇಳಿದ್ದಲ್ಲ, ನನಗೇ ಆದದ್ದು. ನಂಬದವರು ನಮ್ಮೂರು ಮುರುಮಕ್ಕೆ ಬಂದು ನಮ್ಮ ಅಂಗಳದ ಹಳೆಯ ಜೀಪನ್ನು ಮುಟ್ಟಿ ನೋಡಬಹುದು.

ಅದನ್ನು ಓಡಿಸುತ್ತಿದ್ದವಳು ನನ್ನ ಗಂಡನ ಮೊದಲ ಹೆಂಡತಿ, ನಂದಾ. ನಾನು ಈ ಮನೆಗೆ ಬರುವ ಮೊದಲೇ ಜ್ವರ ಬಂದು ತೀರಿಹೋದವಳು. ತೊಗರಿ ಚೀಲ ಹೇರಿಕೊಂಡು, ಬರಿಗಾಲಲ್ಲೇ ಜೀಪು ಓಡಿಸುತ್ತ ಉದಗೀರದ ಪೇಟೆಯ ತನಕ ಒಬ್ಬಳೇ ಹೋಗಿಬರುತ್ತಿದ್ದಳಂತೆ. ಓಣಿಯ ಹೆಂಗಸರು ಇಂದಿಗೂ ನನ್ನೆದುರೇ ಅದನ್ನು ಹೇಳುತ್ತಾರೆ. ಕೇಳಿದಾಗೆಲ್ಲ ಹೊಟ್ಟೆಯೊಳಗೆ ಕೆಂಡ ಇಟ್ಟಂತಾಗುತ್ತದೆ.

ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತಿದ್ದ ಆ ಜೀಪನ್ನು ಹೋದ ಬೇಸಿಗೆಯಲ್ಲಿ ಇವರು ರಿಪೇರಿಗೆ ಎತ್ತಿಕೊಂಡರು. ಬಣ್ಣ, ಸೀಟು, ಇಂಜಿನ್ ಎಲ್ಲ ಆಯಿತು. ಒಂದೇ ತೊಂದರೆ... ಎಕ್ಸಿಲರೇಟರ್ ಬಿಟ್ಟರೂ ಇಂಜಿನ್ ವೇಗ ಇಳಿಯುತ್ತಿರಲಿಲ್ಲ. ಪೆಡಲಿನಿಂದ ಕಾರ್ಬುರೇಟರಿಗೆ ಹೋಗುವ ಸರಳು ಎಲ್ಲೋ ಸಿಕ್ಕಿಕೊಳ್ಳುತ್ತಿದೆ ಅಂದರು. ಹಗಲಿನ ಬಿಸಿಲಿಗೆ ಕಾದ ತಗಡಿನ ಶೆಡ್ಡಿನಲ್ಲಿ ಬಾನೆಟ್ ಮುಟ್ಟುವಂತಿರಲಿಲ್ಲ. ಒಂದು ರಾತ್ರಿ ಊಟವಾದ ಮೇಲೆ ನನ್ನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ಟಾರ್ಚ್ ಹಿಡಿದು ಇಂಜಿನ್ನಿನ ಮೇಲೆ ಬಗ್ಗಿದರು.

“ಒತ್ತು... ಬಿಡು.”

ಬಿಟ್ಟೆ. ಇಂಜಿನ್ ಮತ್ತಷ್ಟು ಕಿರುಚಿತು.

“ಕಾಲ ತಗಿ ಅಂದ್ರ ತಗೀವಲ್ಲಿ!”

“ತಗದೀನ್ರೀ! ಎರಡೂ ಕಾಲ ಸೀಟಿನ ಮ್ಯಾಲ ಅವ.”

ಇವರು ಸರಳನ್ನೇ ಕಳಚಿ ಹೊರಗೆ ತೆಗೆದರು. ಈಗ ಪೆಡಲಿಗೂ ಕಾರ್ಬುರೇಟರಿಗೂ ಸಂಬಂಧವೇ ಇಲ್ಲ. ಇಂಜಿನ್ ಸದ್ದು ಇಳಿಯಿತು. ನಾನು ಉಸಿರು ಬಿಟ್ಟೆ.

ಆಗ... ಪೆಡಲ್ ಮೆಲ್ಲಗೆ ಕೆಳಗಿಳಿಯಿತು. ಮೇಲೆದ್ದಿತು. ಮತ್ತೆ ಇಳಿಯಿತು. ಅದಕ್ಕೆ ಸರಿಯಾಗಿ ಇಂಜಿನ್ ಗುರ್ ಎಂದು ಏರಿ ಇಳಿಯತೊಡಗಿತು. ಪೆಟ್ರೋಲ್ ವಾಸನೆಯ ನಡುವೆ ಹೊಸ ತೊಗರಿಯ ವಾಸನೆ... ಶೆಡ್ಡಿನಲ್ಲಿ ಒಂದು ಕಾಳೂ ಇರಲಿಲ್ಲ.

“ರೀ... ಪೆಡಲ್ ತಾನೇ ಇಳೀಲತ್ತದ...”

ಇವರು ನನ್ನ ಕಡೆ ನೋಡಲೇ ಇಲ್ಲ. ಸೀಟಿನ ಬಳಿ ಬಂದು ಪೆಡಲಿನತ್ತ ಬಗ್ಗಿ, ನಾನೆಂದೂ ಕೇಳಿರದ ಮೆತ್ತನೆಯ ದನಿಯಲ್ಲಿ ಹೇಳಿದರು: “ನಂದಾ... ಸಾಕ್ ಮಾಡು. ದಣದೀ ನೀ.”

ಇಂಜಿನ್ ಶಾಂತವಾಯಿತು.

ನನಗೆ ಹೆದರಿಕೆಗಿಂತ ಮೊದಲು ಬಂದದ್ದು ಸಿಟ್ಟು. ಇಷ್ಟು ವರ್ಷದ ಸಂಸಾರದಲ್ಲಿ ಆ ದನಿ ನನಗೊಮ್ಮೆಯೂ ಸಿಕ್ಕಿರಲಿಲ್ಲ. ಎರಡೂ ಕಾಲಿನಿಂದ ಪೆಡಲನ್ನು ತುಳಿದೆ. ಅದು ಇಳಿಯಲಿಲ್ಲ... ಅಡಿಯಿಂದ ಯಾರೋ ತಡೆದ ಹಾಗೆ. ಕಬ್ಬಿಣ ಬೆಚ್ಚಗಿತ್ತು, ಅಂಗಾಲಿನ ಹಾಗೆ.

ಮರುದಿನ ಇವರು ನಿಲಂಗಾದಿಂದ ಹೊಸ ಸರಳು, ಸ್ಪ್ರಿಂಗ್ ತಂದು ಹಾಕಿದರು. ಕಳಚಿದ ಮೇಲೂ ಇಂಜಿನ್ ಏರಿದ್ದು ಹೇಗೆ ಎಂದು ನಾನು ಕೇಳಿದರೆ, “ನಿದ್ದಿಗಣ್ಣಾಗ ಏನರ ಕಂಡಿರ್ತದ” ಅಂದುಬಿಟ್ಟರು. ಆ ಹೆಸರಿನ ಬಗ್ಗೆ ಕೇಳುವ ಬದಲು ನಾನು ಬೇರೆಯದೇ ಕೇಳಿದೆ.

“ನನಗೂ ಜೀಪ್ ಹೊಡ್ಯಾದು ಕಲಸ್ರೀ,” ಎಂದು ಹಠ ಹಿಡಿದೆ. ಅವಳಿಗೆ ಬರುತ್ತಿದ್ದದ್ದು ನನಗೇಕೆ ಬರಬಾರದು?

ತಿಂಗಳುಗಟ್ಟಲೆ ಕಾಡಿದ ಮೇಲೆ ಮೊನ್ನೆ ಸಂಜೆ, ಕಬ್ಬು ಕಡಿದ ಹೊಲದಲ್ಲಿ ಕಲಿಸಿದರು. ಗೇರ್ ಹಾಕಿಕೊಟ್ಟರು. ಕ್ಲಚ್ ಬಿಟ್ಟೆ. ಜೀಪು ಒಂದಿಷ್ಟೂ ಎಗರದೆ ಸಲೀಸಾಗಿ ಹೊರಟು, ವೇಗ ಹಿಡಿಯಿತು.

“ಭಾಳ ಛಲೋ ಹೊಡೀಲತ್ತಿ!” ಇವರು ನಕ್ಕರು.

ನಾನು ನಗಲಿಲ್ಲ. ಎಕ್ಸಿಲರೇಟರ್ ಮೇಲೆ ನಾನಿನ್ನೂ ಕಾಲೇ ಇಟ್ಟಿರಲಿಲ್ಲ...

ಜೀಪಿನ ಕೀಲಿ ಈಗ ನನ್ನ ಸೆರಗಿನ ಗಂಟಿನಲ್ಲಿದೆ. ಇವರು ಕೇಳಿದರೆ, ಕಳೆದುಹೋಗಿದೆ ಅನ್ನುತ್ತೇನೆ; ಆ ದನಿ ಅವಳಿಗೆ ಇನ್ನೊಮ್ಮೆ ಸಿಗಬಾರದು.