ಕೂಸಿಗೆ ತೋರಿಸಿದ ರಸ್ತೆ

ನಮ್ಮ ಮನೆಯಲ್ಲಿ ಅವ್ವ ಅಜ್ಜನ ಜೊತೆ ನೇರವಾಗಿ ಮಾತಾಡುತ್ತಿರಲಿಲ್ಲ. ಜಗಳವೇನೂ ಇರಲಿಲ್ಲ. ಸೊಸೆಯಾದವಳು ಮಾವನ ಎದುರು ಬಾಯಿ ತೆರೆಯಬಾರದು ಎನ್ನುವುದು ಅಜ್ಜಿ ಹಾಕಿಕೊಟ್ಟ ಶಿಸ್ತು. ಅಜ್ಜಿ ತೀರಿಹೋದಳು, ಶಿಸ್ತು ಮಾತ್ರ ಕಲಬುರಗಿಯ ಖೂಬಾ ಪ್ಲಾಟಿನ ನಮ್ಮ ಮನೆಯಲ್ಲಿ ಗಟ್ಟಿಯಾಗಿ ಕೂತಿತ್ತು. ಹೀಗಾಗಿ ಅವರಿಬ್ಬರ ನಡುವೆ ಮಾತು ಮುಟ್ಟಿಸುವ ಕೆಲಸ ನನ್ನದಾಯಿತು. "ತಾಟು ಹಾಕೀನಿ ಅಂತ ಅಜ್ಜಗ ಹೇಳು ಕೂಸ" ಎಂದು ಅವ್ವ ಅಡುಗೆಮನೆಯ ಬಾಗಿಲಿನಿಂದ ಹೇಳುವಳು. ಎರಡು ಮಾರು ದೂರದಲ್ಲಿ ಕೂತ ಅಜ್ಜನಿಗೆ ಅದು ನನಗಿಂತ ಮೊದಲೇ ಕೇಳಿಸಿರುತ್ತಿತ್ತು. "ಬಂದೆ ಅಂತ ಹೇಳು" ಎನ್ನುವನು. ನಾನು ಶಾಲೆಗೆ ಹೋದಾಗ ಅವ್ವ ತುಳಸಿಕಟ್ಟೆಗೋ ಬೆಕ್ಕಿಗೋ ಹೇಳುತ್ತಿದ್ದಳಂತೆ. ಬೆಕ್ಕು ಯಾರ ಮಾತನ್ನೂ ಮುಟ್ಟಿಸುವ ಜಾತಿಯದಲ್ಲ, ಆದರೂ ಅಜ್ಜ ಹೊತ್ತಿಗೆ ಸರಿಯಾಗಿ ಊಟಕ್ಕೆ ಬರುತ್ತಿದ್ದ.

ಅಜ್ಜ ನಿಜಾಮರ ಕಾಲದಲ್ಲಿ ವಕೀಲಿ ಶುರುಮಾಡಿದವನು. ಹೈದರಾಬಾದಿನ ಯಾರೋ ಜಹಗೀರದಾರರಿಂದ ಒಂದು ವಿಲಾಯತಿ ಕಾರು ಕೊಂಡಿದ್ದ. ನಾನು ಕಣ್ಣು ಬಿಡುವ ಹೊತ್ತಿಗೆ, ಅಂದರೆ ಎಂಬತ್ತರ ದಶಕಕ್ಕೆ, ಅದು ಊರಿನ ಎಲ್ಲ ಗಾಡಿಗಳಿಗೂ ಮುತ್ತಜ್ಜ. ತಿರುಗುವಾಗ ಬೆಳಗಲು ಅದಕ್ಕೆ ದೀಪ ಇರಲಿಲ್ಲ. ಬಾಗಿಲ ಪಕ್ಕದ ಸೀಳಿನಿಂದ ಕಿತ್ತಳೆ ಬಣ್ಣದ ಪುಟ್ಟ ಕೈಯೊಂದು ಟಕ್ಕೆಂದು ಹೊರಗೆ ಚಾಚಿಕೊಳ್ಳುತ್ತಿತ್ತು. ಒಮ್ಮೊಮ್ಮೆ ಒಳಗೆ ಹೋಗಲು ಮರೆತು ಹಾಗೇ ನಿಂತುಬಿಡುತ್ತಿತ್ತು. ಆಗ ಅದಕ್ಕೊಂದು ಏಟು ಕೊಡುವ ಅಧಿಕಾರ ನನ್ನದು. "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ" ಎಂದು ಓಣಿಯವರು ಆಡಿಕೊಳ್ಳುತ್ತಿದ್ದರು. ನಮಗೆ ಹೊಟ್ಟೆಗೂ ಇತ್ತು. ಅವರಿಗೆ ಕಾರಿರಲಿಲ್ಲ, ಅಷ್ಟೇ.

ರವಿವಾರ ಬೆಳಿಗ್ಗೆ ಆ ಕಾರು ಕಮಲಾಪುರಕ್ಕೆ ಹೊರಡಬೇಕು. ಯಾಕೆ ಎಂದರೆ ಕೆಂಪು ಬಾಳೆಹಣ್ಣಿಗೆ. ಅದೇ ಹಣ್ಣು ಕಲಬುರಗಿಯ ಬಜಾರಿನಲ್ಲೂ ಸಿಗುತ್ತಿತ್ತು, ಆದರೆ ಅಜ್ಜನ ಮುಂದೆ ಆ ಮಾತೆತ್ತುವಂತಿರಲಿಲ್ಲ. "ತ್ವಾಟಕ್ಕ ಹೋಗಿ ತಿನ್ನೂ ರುಚಿನೇ ಬ್ಯಾರೆ" ಎನ್ನುವನು. ಅಪ್ಪ ಮುಂದೆ ಅಜ್ಜನ ಪಕ್ಕದಲ್ಲಿ ಕೂತು, ಊರು ದಾಟುವ ಮೊದಲೇ ನಿದ್ದೆ ಹೋಗುತ್ತಿದ್ದ. ಅವನಿಗೆ ಸೈಕಲ್ ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಹಿಂದೆ ಅವ್ವ, ಅವಳ ಕಾಲ ಬಳಿ ನೀರಿನ ಡಬ್ಬಿ ಮತ್ತು ಧಪಾಟಿ ರೊಟ್ಟಿಯ ಬುತ್ತಿ. ನಾನು ಎರಡು ಸೀಟುಗಳ ಸಂದಿಯಲ್ಲಿ ನಿಂತೇ ಇರುತ್ತಿದ್ದೆ. ಪೆಟ್ರೋಲು, ಬಿಸಿ ರೆಕ್ಸಿನ್, ಬುತ್ತಿಯಲ್ಲಿನ ಶೇಂಗಾ ಹಿಂಡಿ, ಈ ಮೂರರ ವಾಸನೆ ಸೇರಿದರೆ ಈಗಲೂ ನನ್ನ ಮೂಗಿಗೆ ಅದು ರವಿವಾರ. ಕರಿ ಎರೆಯ ಹೊಲಗಳು ಮುಗಿದು ಮಣ್ಣು ಕೆಂಪಗಾಗುತ್ತಿದ್ದಂತೆ ಅಜ್ಜ ಹಾರ್ನ್ ಹೊಡೆಯುತ್ತಿದ್ದ, ರಸ್ತೆಯಲ್ಲಿ ಒಂದು ನರಪಿಳ್ಳೆ ಇಲ್ಲದಿದ್ದರೂ.

ಆಮೇಲೆ ಅಜ್ಜನ ಕಣ್ಣು ಕೈಕೊಟ್ಟವು. ಸೇಡಂ ರಸ್ತೆಯ ಕಣ್ಣಿನ ಡಾಕ್ಟರು ನರ ಸೊರಗುತ್ತಿದೆ, ಆಪರೇಷನ್ನಿಗೆ ಬಗ್ಗುವಂಥದ್ದಲ್ಲ ಎಂದರು. ಎದುರಿನದು ಕಾಣುತ್ತದೆ, ಎಡಬಲದ್ದು ಕಾಣುವುದಿಲ್ಲ, ಕೊಳವೆಯೊಳಗಿಂದ ನೋಡಿದ ಹಾಗೆ. ಕಾರು ಓಡಿಸುವುದನ್ನು ನಿಲ್ಲಿಸಿ ಎಂದೂ ಹೇಳಿದರು. ಅಜ್ಜ ಊರೊಳಗಿನ ಓಡಾಟಕ್ಕೆಲ್ಲ ರಿಕ್ಷಾ ಹಿಡಿದ. ರವಿವಾರ ಮಾತ್ರ ಬಿಡಲಿಲ್ಲ. "ಆ ರಸ್ತಾ ನನ್ನ ಕೈಗೆ ಗೊತ್ತದ" ಎಂದ. ಅಜ್ಜಿ ಇರಲಿಲ್ಲ, ಕಕ್ಷಿದಾರರು ಕಡಿಮೆಯಾಗಿದ್ದರು. ಅವನು ತಲೆಯೆತ್ತಿ ಕೂರುವ ಜಾಗ ಅಂತ ಉಳಿದದ್ದು ಆ ಸ್ಟೀರಿಂಗಿನ ಹಿಂದಿನದೊಂದೇ. ಅದನ್ನೂ ಕಸಿದುಕೊಂಡರೆ ಅಜ್ಜ ಏನಾಗುತ್ತಾನೆ ಎನ್ನುವ ಹೆದರಿಕೆ ಎಲ್ಲರಿಗೂ ಇತ್ತು. ಕಸಿದುಕೊಳ್ಳದಿದ್ದರೆ ನಾವೆಲ್ಲ ಏನಾಗುತ್ತೇವೆ ಎನ್ನುವುದೂ ಇತ್ತು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಅಪ್ಪ ಒಮ್ಮೆ ಧೈರ್ಯ ಮಾಡಿ, "ಅಪ್ಪಾ, ಆ ಕಾರು..." ಎಂದ.

"ಏನು ಕಾರು?"

"ಅಲ್ಲ, ತೊಳಸ್ಲೇನು?"

ಮುಂದಿನ ರವಿವಾರದಿಂದ ಅವ್ವ ನನಗೆ ರಸ್ತೆ ತೋರಿಸತೊಡಗಿದಳು. ಹಿಂದಿನ ಸೀಟಿನ ತುದಿಗೆ ಸರಿದು, ನನ್ನ ಭುಜ ಹಿಡಿದು, ದೊಡ್ಡ ದನಿಯಲ್ಲಿ: "ನೋಡ ಕೂಸ, ಎಡಕ್ಕ ಎತ್ತಿನ ಗಾಡಿ ಬರಾಕತ್ತದ." ಕಾರು ನಿಧಾನವಾಗುತ್ತಿತ್ತು. "ಕೂಸ, ಬಲಕ್ಕ ಆಡು ನೋಡ, ರಸ್ತಾ ದಾಟ್ತಾವ." ಕಾರು ನಿಲ್ಲುತ್ತಿತ್ತು. "ಎಲ್ಲಾ ಹೋದ್ವು ನೋಡ ಕೂಸ." ಕಾರು ಹೊರಡುತ್ತಿತ್ತು. ಅವ್ವನಿಗೆ ಇದ್ದಕ್ಕಿದ್ದಂತೆ ನನ್ನ ಮೇಲೆ ಇಷ್ಟು ಅಕ್ಕರೆ ಉಕ್ಕಿದೆಯಲ್ಲ ಎಂದು ನಾನು ಹಿಗ್ಗಿಹೋಗಿದ್ದೆ. ಅಜ್ಜನಾಗಲಿ ಅವ್ವನಾಗಲಿ ಈ ಏರ್ಪಾಡಿನ ಬಗ್ಗೆ ಒಂದು ಅಕ್ಷರ ಆಡಲಿಲ್ಲ. ಆಡುವುದಾದರೂ ಹೇಗೆ, ಮಾತೇ ಇಲ್ಲದವರು.

ಶಿವರಾತ್ರಿ ಮುಗಿದು ಬಿಸಿಲು ಚುರುಕಾಗಿತ್ತು. ಕಮಲಾಪುರದ ತೋಟದಲ್ಲಿ ಹಣ್ಣು ತಿಂದು, ಡಿಕ್ಕಿಯಲ್ಲಿ ಒಂದು ಗೊನೆ ಇಟ್ಟುಕೊಂಡು ವಾಪಸ್ಸು ಬರುತ್ತಿದ್ದೆವು. ಮಹಾಗಾಂವ ಕ್ರಾಸ್ ಇನ್ನೂ ದೂರವಿತ್ತು. ಎಡಗಡೆಯ ತಗ್ಗಿನ ಹೊಲದಿಂದ ಹೆಂಗಸೊಬ್ಬಳು ತಲೆಯ ಮೇಲೆ ಜೋಳದ ಕಣಿಕಿಯ ದೊಡ್ಡ ಹೊರೆ ಹೊತ್ತು ಒಮ್ಮೆಲೇ ರಸ್ತೆಗೆ ಹತ್ತಿದಳು. ಹೊರೆ ಅವಳ ಕಣ್ಣಿನವರೆಗೆ ಇಳಿಬಿದ್ದಿತ್ತು. ಅವಳಿಗೆ ನಾವು ಕಾಣುತ್ತಿರಲಿಲ್ಲ, ಅಜ್ಜನಿಗೆ ಅವಳು ಕಾಣುತ್ತಿರಲಿಲ್ಲ. 'ನೋಡ ಕೂಸ' ಎನ್ನುವಷ್ಟೂ ಪುರಸೊತ್ತಿರಲಿಲ್ಲ.

"ಮಾವಾರ! ನಿಂದರ್ಸ್ರಿ!"

ಅವ್ವನ ಆ ದನಿಯನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅಜ್ಜ ಎರಡೂ ಕಾಲಿನಿಂದ ತುಳಿದ. ಅಪ್ಪನ ಹಣೆ ಮುಂದಕ್ಕೆ ಬಡಿಯಿತು. ಕಾರು ಆ ಹೆಂಗಸಿನ ಸೀರೆಯ ನೆರಿಗೆಗೆ ಗೇಣು ದೂರದಲ್ಲಿ ನಿಂತಿತು. ಅವಳು ಹೊರೆಯನ್ನು ಅಲ್ಲೇ ಕೆಡವಿ, ಕಿಟಕಿಗೆ ಬಂದು ಕೂಗಿದಳು: "ಕಣ್ಣು ಕಾಣ್ತಾವೋ ಇಲ್ಲೋ ಯಜಮಾನಾ?"

"ಇಲ್ಲವ್ವ" ಎಂದ ಅಜ್ಜ. "ಕಾಣೂದಿಲ್ಲ."

ಡಾಕ್ಟರ ಮುಂದೆಯೂ ಒಪ್ಪಿಕೊಳ್ಳದ್ದನ್ನು ಅವನು ಗುರುತಿಲ್ಲದ ಹೆಂಗಸಿಗೆ ಹೇಳಿದ್ದ. ಅವಳ ಸಿಟ್ಟು ಇಳಿದುಹೋಯಿತು. ಅಪ್ಪ ಇಳಿದು ಹೊರೆ ಎತ್ತಿಕೊಟ್ಟ.

ಅಜ್ಜ ಮತ್ತೆ ಸ್ಟೀರಿಂಗ್ ಮುಟ್ಟಲಿಲ್ಲ. ಅಪ್ಪ ಸಿಕ್ಕ ಬಸ್ಸು ಹತ್ತಿ, ಶಹಾಬಜಾರದ ಕಾರು ಮಿಸ್ತ್ರಿಯನ್ನು ಕರೆತರಲು ಊರಿಗೆ ಹೋದ. ನಾವು ಮೂವರು ಬೇವಿನ ನೆರಳಲ್ಲಿ ಕೂತೆವು. ಅಜ್ಜ ನೆಲ ನೋಡುತ್ತಿದ್ದ. ನನಗೆ ಅಳು ಬಂದಿತ್ತು. ಅವನು, ನನ್ನ ಕಡೆಯಲ್ಲ, ಅವ್ವನ ಕಡೆ ತಿರುಗಿದ.

"ಕೂಸಿಗೆ ವಾರ ವಾರ ದನ ತೋರಸ್ತಿದ್ದಿ. ಅದೇನು ದನ ಕಾಣದ ಕೂಸೇನು? ನನಗ ತಿಳಿಯೂದಿಲ್ಲ ಅಂತ ಮಾಡಿದ್ದೇನು?"

ಅವ್ವ ಸೆರಗು ಎಳೆದುಕೊಂಡು ಅಭ್ಯಾಸದಂತೆ ನನ್ನತ್ತ ನೋಡಿದಳು. ಆಮೇಲೆ ನನ್ನನ್ನು ಬಿಟ್ಟು ಅವನಿಗೇ ಹೇಳಿದಳು: "ತಪ್ಪಾತ್ರಿ ಮಾವಾರ."

"ತಪ್ಪು ಎಲ್ಲಿದು? ಇಷ್ಟು ದಿನ ಗಾಡಿ ಹೊಡದಾಕಿ ನೀನೇ. ಇನ್ನ ಮುಂದ ಬಂದು ಕೂತು ಹೊಡಿ."

ಅವ್ವ ಹೌಹಾರಿ ನನ್ನ ಕೈ ಹಿಡಿದುಕೊಂಡಳು. ಸಂಜೆ ಮಿಸ್ತ್ರಿ ಬಂದು, ಬಾನೆಟ್ ಎತ್ತಿ, ತಲೆ ಕೆರೆದುಕೊಂಡ. "ಗಾಡಿಗೆ ಏನೂ ಆಗಿಲ್ಲಲ್ರೀ ಸಾಬ್?"

"ಗಾಡಿಗೆ ಏನಿಲ್ಲೋ. ಹೊಡಿಯಾಂವಗ ಆಗ್ಯದ."

ಸೇಡಂ ರಸ್ತೆಯ ಆಚೆ ಆಗ ಬರೀ ಬಯಲು. ಅಜ್ಜ ಅಲ್ಲಿ ಅವ್ವನಿಗೆ ಕಾರು ಕಲಿಸಿದ, ಕಣ್ಣಿನಿಂದಲ್ಲ, ಕಿವಿಯಿಂದ. ಎಂಜಿನ್ ನರಳಿದರೆ ಸಾಕು, "ಗಿಯರ್ ಬದಲಿಸವ್ವ, ಅಳಾಕತ್ತದ ಅದು" ಎನ್ನುವನು. ಸೊಲ್ಲಾಪುರದ ತವರಿನ ಅವ್ವ ಹೆದರಿದಾಗಲೆಲ್ಲ "ಅಗಬಾಯಿ!" ಎಂದು ಮರಾಠಿಗೆ ಇಳಿಯುತ್ತಿದ್ದಳು. ಓಣಿಯವರಿಗೆ ಆಡಿಕೊಳ್ಳಲು ಹೊಸ ಗ್ರಾಸ ಸಿಕ್ಕಿತು. ಸೊಸೆ ಗಾಡಿ ಹೊಡೆಯುವುದಕ್ಕಿಂತ, ಸೊಸೆ ಮಾವ ಮಾತಾಡುವುದೇ ಅವರಿಗೆ ದೊಡ್ಡ ಸುದ್ದಿ. ಅಪ್ಪನಿಗೆ ಇಡೀ ಹಿಂದಿನ ಸೀಟು ಸಿಕ್ಕಿದ್ದರಿಂದ ಅವನದು ಯಾವ ತಕರಾರೂ ಇರಲಿಲ್ಲ. ನನಗೆ ಮಾತ್ರ ಸ್ವಲ್ಪ ಬೇಸರವಾಗಿತ್ತು. ಮನೆಯಲ್ಲಿ ನನ್ನ ಮೂಲಕ ಯಾರೂ ಏನೂ ಹೇಳಿ ಕಳಿಸುತ್ತಿರಲಿಲ್ಲ.

ದೀಪಾವಳಿ ಕಳೆದ ರವಿವಾರ ಅವ್ವ ಮೊದಲ ಸಲ ಕಮಲಾಪುರದ ರಸ್ತೆ ಹಿಡಿದಳು. ಅಜ್ಜ ಎಡಗಡೆ ಕೂತಿದ್ದ. ಆ ಹೊತ್ತಿಗೆ ಅವನಿಗೆ ಎದುರಿನದೂ ಮಸುಕಾಗಿತ್ತು. ಮಣ್ಣು ಕೆಂಪಗಾದ ಕಡೆ ಅವ್ವ ಹಾರ್ನ್ ಹೊಡೆದಳು, ರಸ್ತೆ ಖಾಲಿ ಇದ್ದರೂ. ಅಜ್ಜ ನಕ್ಕ. ಇನ್ನಷ್ಟು ದೂರ ಹೋದ ಮೇಲೆ ಅವಳು ಕಾರು ನಿಧಾನ ಮಾಡಿದಳು.

"ಮಾವಾರ, ಎಡಕ್ಕ ನೋಡ್ರಿ, ತೊಗರಿ ಹೂ ಬಿಟ್ಟದ. ಗುಡ್ಡದ ತನಕ ಬರೇ ಹಳದಿ."

ಅಜ್ಜ ಕಿಟಕಿಯ ಗಾಜು ಪೂರ್ತಿ ಇಳಿಸಿ, ಎಡಕ್ಕೆ ಮುಖ ತಿರುಗಿಸಿ, ಆ ಹೊಲ ಮುಗಿಯುವವರೆಗೂ ಹಾಗೇ ಕೂತಿದ್ದ.

"ಹೂಂ, ಛಲೋ ಬಂದದ" ಎಂದ. "ಕೂಸಿಗೂ ತೋರಸವ್ವ."